ಕಾಡಿನೊಳಗೊಂದು ಸುಲಭದ ಸುತ್ತು

ಟ್ರೇಲ್ ರನ್ನಿಂಗ್ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿ. ಬರೋ ಚಿತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ. ಒಬ್ಬ ಕಡ್ಡಿಯಂಥ ಮನುಷ್ಯ, ಬೆನ್ನಿಗೆ ಅಂಟಿಕೊಂಡ ನೀರಿನ ಚೀಲ, ಕೈಯಲ್ಲಿ ಎರಡು ಕೋಲು, ಹಿಂದೆ ಹಿಮ ಹೊದ್ದ ಬೆಟ್ಟ, ಪಕ್ಕದಲ್ಲೇ ಪ್ರಪಾತ. ನೋಡಿದವರಿಗೆ "ಇದು ನಮ್ಮಂಥವರಿಗಲ್ಲ ಬಿಡಪ್ಪ" ಅನ್ನಿಸದೆ ಇದ್ದರೆ ಆಶ್ಚರ್ಯ. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಕನ್ನಡದ ಗೆಳೆಯರ ನಡುವೆ "ವಾರಕ್ಕೆರಡು ಸಲ ಕಾಡಲ್ಲಿ ಓಡ್ತೀನಿ" ಅಂದರೆ ಮೊದಲ ಪ್ರಶ್ನೆ "ಎಷ್ಟು ಏರು ಇದೆ?". ಎರಡನೆಯದು "ಯಾವ ರೇಸಿಗೆ ತಯಾರಿ?". ಏರೂ ಇಲ್ಲ, ರೇಸೂ ಇಲ್ಲ ಅಂದರೆ "ಓ, ಅಷ್ಟೇನಾ..." ಅನ್ನೋ ಮುಖ.

ಈ "ಅಷ್ಟೇನಾ" ಬಗ್ಗೆ ನನಗೆ ಬಹಳ ದಿನದಿಂದ ಒಂದು ತಕರಾರಿದೆ. ಇವತ್ತು ಅದನ್ನೇ ಕುಟ್ಟುತ್ತಾ ಕೂತಿದ್ದೇನೆ.

ಮನೆಯಿಂದ ಹತ್ತಿಪ್ಪತ್ತು ನಿಮಿಷದಲ್ಲಿ ಸಿಗೋ, ಮಟ್ಟಸವಾದ, ಮರಗಳ ನಡುವೆ ಸುತ್ತಿ ಹೊರಟಲ್ಲಿಗೇ ಬಂದು ಸೇರೋ ನಾಲ್ಕೈದು ಕಿಲೋಮೀಟರಿನ ಮಣ್ಣುದಾರಿ ಇರುತ್ತಲ್ಲ, ಅದನ್ನು ಬೆಟ್ಟದ ಓಟಕ್ಕೆ ಸೇರೋ ಮುಂಚಿನ ಶಿಶುವಿಹಾರ ಅಂತ ಎಲ್ಲರೂ ತಿಳಿದಿದ್ದಾರೆ. ನಾನು ಹೇಳೋದು, ಹೆಚ್ಚಿನ ಜನರಿಗೆ ಟ್ರೇಲ್ ರನ್ನಿಂಗ್ ಅಂದರೆ ಅದೇ ಆಗಬೇಕು, ಅಲ್ಲೇ ಶುರು, ಅಲ್ಲೇ ಮುಗಿತಾಯ. ಆಲ್ಪ್ಸ್ ಪರ್ವತಕ್ಕೆ ಹೋಗೋದು ಯಾರೋ ಕೆಲವರು, ಅದೂ ವರ್ಷಕ್ಕೊಂದು ಸಲ. ಮಂಗಳವಾರ ಸಾಯಂಕಾಲ ಆಫೀಸಿನ ಮೀಟಿಂಗು ಮುಗಿದ ಮೇಲೆ, ಮಗಳ ಈಜು ಕ್ಲಾಸು ಬಿಡೋದರೊಳಗೆ ಸಿಗೋ ನಲವತ್ತು ನಿಮಿಷಕ್ಕೆ ಆಲ್ಪ್ಸ್ ಏನೂ ಸಹಾಯ ಮಾಡಲ್ಲ.

ದೊಡ್ಡ ಓಟಗಳ ಮೇಲೆ ನನಗೆ ಸಿಟ್ಟಿಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಮೌಂಟ್ ಬ್ಲಾಂಕ್ ಸುತ್ತ 2003ರಲ್ಲಿ ಶುರುವಾದ ಯುಟಿಎಂಬಿ ಓಟ 170 ಕಿಲೋಮೀಟರಿಗೂ ಮೇಲೆ, ಹತ್ತಿರ ಹತ್ತಿರ 10,000 ಮೀಟರ್ ಏರು. ಅದನ್ನು ಮುಗಿಸಿದವರ ಕಾಲಿಗೆ ನಮಸ್ಕಾರ. ನಮ್ಮಲ್ಲೇ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಓಡಿ ಬಂದವರು ಕಥೆ ಹೇಳಿದರೆ ಬಾಯಿಬಿಟ್ಟುಕೊಂಡು ಕೇಳ್ತೀನಿ. 2009ರಲ್ಲಿ ಬಂದ ಕ್ರಿಸ್ಟೋಫರ್ ಮೆಕ್‌ಡೂಗಲ್ ಬರೆದ 'ಬಾರ್ನ್ ಟು ರನ್' ಓದಿ ಹುಚ್ಚು ಹಿಡಿಸಿಕೊಂಡವರಲ್ಲಿ ನಾನೂ ಒಬ್ಬ. ಆದರೆ ಆ ಪುಸ್ತಕ ಬಂದ ಮೇಲೆ ಕಾಡಿನ ಓಟ ಅಂದರೆ ನೂರು ಮೈಲಿ, ಕಣಿವೆ, ವಾಂತಿ, ಉಗುರು ಕಿತ್ತು ಬರೋದು ಅಂತ ಆಗಿಹೋಯಿತು. ಕಾಡು ಅನ್ನೋದು ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳೋ ಜಾಗವಾಯಿತೇ ಹೊರತು ಸುಮ್ಮನೆ ಹೋಗಿ ಬರೋ ಜಾಗವಾಗಲಿಲ್ಲ. ನಷ್ಟ ಆಗಿದ್ದು ಅಲ್ಲಿ.

ನಾನು ಓಡೋ ಜಾಗ ಪ್ರಿನ್ಸ್‌ಟನ್‌ನ ಇನ್‌ಸ್ಟಿಟ್ಯೂಟ್ ವುಡ್ಸ್. ಐನ್‌ಸ್ಟೈನ್ ಇದ್ದರಲ್ಲ, ಆ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿ, ಅದರ ಹಿತ್ತಲು ಅಂದುಕೊಳ್ಳಿ. ಕಟ್ಟಡದ ಹಿಂದೆ ಒಂದು ಹುಲ್ಲುಗಾವಲು, ಒಂದು ಕೊಳ, ಆಮೇಲೆ ಕಾಡು. ಬೀಚ್, ಓಕ್ ಮರಗಳು. ಸ್ಟೋನಿ ಬ್ರೂಕ್ ಅಂತ ಒಂದು ಹಳ್ಳ, ಅದಕ್ಕೊಂದು ತೂಗುಸೇತುವೆ. ಆ ಕಡೆಗೆ ಜೌಗಿನ ಪಕ್ಷಿಧಾಮ, ಮೇ ತಿಂಗಳಲ್ಲಿ ಕುತ್ತಿಗೆಗೆ ಬೈನಾಕ್ಯುಲರ್ ನೇತುಹಾಕಿಕೊಂಡವರ ಜಾತ್ರೆ. ಒಂದು ದಾರಿಯ ಹೆಸರು ಟ್ರಾಲಿ ಟ್ರ್ಯಾಕ್, ಹಿಂದೆ ಟ್ರೆಂಟನ್ನಿಂದ ಪ್ರಿನ್ಸ್‌ಟನ್ನಿಗೆ ಟ್ರಾಮು ಓಡುತ್ತಿದ್ದ ಜಾಗ ಅದು. ಟ್ರಾಮು ಹತ್ತಿದ ಜಾಗ ಅಂದರೆ ಎಷ್ಟು ಏರಿರುತ್ತೆ ನೀವೇ ಲೆಕ್ಕ ಹಾಕಿ. ನನ್ನ ಸುತ್ತು ಸುಮಾರು 5 ಕಿಲೋಮೀಟರ್. ಸುಮಾರು ಅಂತ ಯಾಕೆ ಅಂದರೆ ಎಲೆ ತುಂಬಿದ ಕಾಲದಲ್ಲಿ ಕೈಗಡಿಯಾರದ ಜಿಪಿಎಸ್ಸು ಮರದ ಕೆಳಗೆ ಪ್ರತಿ ಸಲ ಒಂದೊಂದು ಲೆಕ್ಕ ಹೇಳುತ್ತೆ. ಒಂದು ಸಲ ನಾನು ಹಳ್ಳದ ಮಧ್ಯದಲ್ಲೇ ಇನ್ನೂರು ಮೀಟರು ಓಡಿದ್ದೆನಂತೆ :-)

ಈ ಓಟದಲ್ಲಿ ಏನಿದೆ ಅಂತ ಕೇಳಿದರೆ "ಮಣ್ಣು ಮೆತ್ತಗಿರುತ್ತೆ, ಮಂಡಿಗೆ ಒಳ್ಳೇದು" ಅಂತ ಹೇಳೋದು ರೂಢಿ. ನಾನು ಆ ಮಾತು ಹೇಳಲ್ಲ. 1990ರ ದಶಕದಲ್ಲಿ ಬರ್ಕ್ಲಿಯಲ್ಲಿ ಡೇನಿಯಲ್ ಫೆರಿಸ್, ಕ್ಲೇರ್ ಫಾರ್ಲಿ ಮತ್ತೆ ಜೊತೆಯವರು ಬೇರೆ ಬೇರೆ ಗಟ್ಟಿತನದ ನೆಲದ ಮೇಲೆ ಜನರನ್ನು ಓಡಿಸಿ ಅಳತೆ ಮಾಡಿದರು. ನಮ್ಮ ಕಾಲು ಸ್ಪ್ರಿಂಗಿನ ಹಾಗೆ. ನೆಲ ಮೆತ್ತಗಿದ್ದರೆ ಅದು ತಾನೇ ಬಿಗಿಯಾಗುತ್ತೆ, ನೆಲ ಗಟ್ಟಿಯಿದ್ದರೆ ತಾನೇ ಸಡಿಲವಾಗುತ್ತೆ. ಒಟ್ಟಾರೆ ಪುಟಿತ ಹೆಚ್ಚುಕಮ್ಮಿ ಅಷ್ಟೇ ಇರೋ ಹಾಗೆ ದೇಹ ನೋಡಿಕೊಳ್ಳುತ್ತೆ. ಹಾಗಾಗಿ ಡಾಂಬರು ಕೆಟ್ಟದ್ದು, ಮಣ್ಣು ಒಳ್ಳೇದು ಅಂತ ಒಂದೇ ಏಟಿಗೆ ಹೇಳಿ ಮುಗಿಸೋ ವಿಷಯ ಅಲ್ಲ ಅದು. ಕಾಡಿನಲ್ಲಿ ಬೇರೆ ಇನ್ನೇನೋ ನಡೆಯುತ್ತೆ. ಡಾಂಬರಿನ ಮೇಲೆ ಸಾವಿರ ಹೆಜ್ಜೆ ಅಂದರೆ ಒಂದೇ ಹೆಜ್ಜೆ ಸಾವಿರ ಸಲ. ಇಲ್ಲಿ ಒಂದು ಬೇರು, ಒಂದು ಗುಂಡಿ, ಒಂದು ಜಾರೋ ಹಲಗೆ... ಪಾದ ಪ್ರತಿ ಸಲ ಒಂದಿಷ್ಟು ಆ ಕಡೆ ಈ ಕಡೆ ಬೀಳುತ್ತೆ, ಹಿಮ್ಮಡಿಯ ಸುತ್ತಲಿನ ಸಣ್ಣಪುಟ್ಟ ಸ್ನಾಯುಗಳಿಗೆಲ್ಲ ಕೆಲಸ ಸಿಗುತ್ತೆ. ಕಣ್ಣು ಐದಾರು ಅಡಿ ಮುಂದಿನ ನೆಲ ಓದುತ್ತಾ ಇರಬೇಕು. ಹಾಗೆ ಓದುತ್ತಿರುವಾಗ ನಾಳೆಯ ರಿಲೀಸಿನ ಬಗ್ಗೆ ಯೋಚನೆ ಮಾಡೋಕೆ ಆಗಲ್ಲ. ಮಾಡಿದರೆ ಬೀಳ್ತೀರಿ. ಧ್ಯಾನದ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ, ಆದರೆ ತಲೆಯೊಳಗಿನ ಗಲಾಟೆಯನ್ನು ಹೀಗೆ ಬಲವಂತವಾಗಿ ನಿಲ್ಲಿಸೋ ಇನ್ನೊಂದು ಉಪಾಯ ನನಗೆ ಸಿಕ್ಕಿಲ್ಲ.

ದಾರಿ ಸುಲಭವಾಗಿರಬೇಕು ಅನ್ನೋದು ಇದಕ್ಕೇ. ಕಡಿದಾದ ಬೆಟ್ಟದಲ್ಲಿ ಎದೆ ಹೊಡೆದುಕೊಳ್ಳೋದೇ ಕೇಳಿಸುತ್ತೆ, ಬೇರೇನೂ ಕೇಳಿಸಲ್ಲ. ಮಟ್ಟಸ ದಾರಿಯಲ್ಲಿ ಪಕ್ಕದವನ ಜೊತೆ ಮಾತಾಡುವಷ್ಟು ಉಸಿರು ಉಳಿದಿರುತ್ತೆ, ಮರಕುಟಿಗ ಕುಟ್ಟೋದು ಕೇಳುತ್ತೆ, ತರಗೆಲೆ ಕೆಳಗೆ ಅಳಿಲು ಓಡಿದ ಸದ್ದಿಗೆ ಜಿಂಕೆ ಅಂತ ಬೆಚ್ಚಿಬೀಳಬಹುದು. ರಸ್ತೆಗಿಂತ ಕಿಲೋಮೀಟರಿಗೆ ಅರ್ಧ ನಿಮಿಷವಾದರೂ ನಿಧಾನ ಆಗುತ್ತೆ ನನಗೆ. ಆಗಲಿ.

ನಿಧಾನದ ಓಟದಿಂದ ಏನೂ ಸಾಧನೆ ಆಗಲ್ಲ ಅನ್ನೋರಿಗೆ ಸ್ವೀಡನ್ನಿನ ಕಡೆ ಕೈ ತೋರಿಸ್ತೀನಿ. ಯೋಸ್ಟ ಹೋಲ್ಮೇರ್ ಅನ್ನೋ ತರಬೇತುದಾರ 1930ರ ದಶಕದಲ್ಲಿ 'ಫಾರ್ಟ್‌ಲೆಕ್' ಅಂತ ಒಂದು ಪದ್ಧತಿ ತಂದರು. ಆ ಮಾತಿನ ಅರ್ಥವೇ ವೇಗದ ಆಟ. ಕಾಡುದಾರಿಯಲ್ಲಿ ಗಡಿಯಾರ ನೋಡದೆ, ಮನಸ್ಸಾದಾಗ ಜೋರಾಗಿ, ಸಾಕಾದಾಗ ಮೆಲ್ಲಗೆ ಓಡೋದು. ಹೀಗೆ ಕಾಡಿನಲ್ಲಿ ಓಡಿ ಬೆಳೆದ ಗುಂಡರ್ ಹೇಗ್ 1945ರಲ್ಲಿ ಒಂದು ಮೈಲಿಯನ್ನು 4 ನಿಮಿಷ 1.4 ಸೆಕೆಂಡಿನಲ್ಲಿ ಓಡಿದ. 1954ರಲ್ಲಿ ರೋಜರ್ ಬ್ಯಾನಿಸ್ಟರ್ ಬರೋವರೆಗೆ, ಒಂಬತ್ತು ವರ್ಷ, ಆ ದಾಖಲೆ ಮುರಿಯಲಿಲ್ಲ. ಪಕ್ಕದ ಫಿನ್ಲೆಂಡಿನಲ್ಲಿ ಊರೂರಿಗೆ 'ಪುರುರಾತ' ಅಂತ ಇರುತ್ತೆ. ಊರ ಪಕ್ಕದ ಕಾಡಿನಲ್ಲಿ ಮರದ ಹೊಟ್ಟು ಹಾಸಿದ ಒಂದು ಸುತ್ತುದಾರಿ, ಕತ್ತಲಿಗೆ ದೀಪದ ಕಂಬ, ಚಳಿಗಾಲದಲ್ಲಿ ಅದರ ಮೇಲೇ ಸ್ಕೀ. ಲೈಬ್ರರಿ, ಅಂಚೆ ಕಚೇರಿ ಇದ್ದ ಹಾಗೆ ಅದೂ ಒಂದು. ಅದನ್ನು ಸಾಹಸ ಅಂತ ಅಲ್ಲಿ ಯಾರೂ ಕರೆಯಲ್ಲ. ನನಗೆ ಹೊಟ್ಟೆಕಿಚ್ಚಾಗೋದು ಆ ವಿಷಯಕ್ಕೆ.

ಇನ್ನು ಭಯದ ಮಾತು. ನಮ್ಮ ದೇಸಿ ಜನ ಇಲ್ಲಿ ಕಾಡಿನೊಳಗೆ ಕಾಲಿಡದೆ ಇರೋದಕ್ಕೆ ಸೋಮಾರಿತನಕ್ಕಿಂತ ಭಯವೇ ಹೆಚ್ಚು ಕಾರಣ ಅಂತ ನನ್ನ ಅನುಮಾನ. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಆರು ತಿಂಗಳು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನ ಸುತ್ತ ನಡೆಸ್ತೀವಿ. ಮೈಲಿ ದೂರದಲ್ಲಿ ಕಾಡಿದ್ದರೂ ಕರೆದುಕೊಂಡು ಹೋಗಲ್ಲ. ನಮ್ಮಮ್ಮ ಬಂದಿದ್ದಾಗ ನನ್ನ ಕೆಸರು ಮೆತ್ತಿದ ಶೂ ನೋಡಿ, "ರಸ್ತೆ ಇಷ್ಟು ಚೆಂದ ಮಾಡಿಟ್ಟಿದಾರೆ, ಕಾಡಲ್ಲಿ ಎಂತಕ್ಕೋ ಓಡ್ತೀಯ?" ಅಂದಿದ್ದರು. ಇಲ್ಲೂ ಉಣುಗು ಕಚ್ಚಿದರೆ ಜ್ವರ ಬರುತ್ತಮ್ಮ ಅಂತ ಹೇಳಿದಾಗ ಮಾತ್ರ ಅವರ ಮುಖ ಬದಲಾಯಿತು. ಸಾಗರದವರು ಅವರು. ಉಣುಗು ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳೋಕೆ ಶುರುವಾಗಿದ್ದು, ಅದಕ್ಕೆ ಮಂಗನ ಕಾಯಿಲೆ ಅಂತ ಹೆಸರು ಬಿದ್ದಿದ್ದು, 2019ರಲ್ಲಿ ಅರಳಗೋಡಿನ ಸುತ್ತ ಜನ ಸತ್ತಿದ್ದು, ದರಕು ತರೋಕೆ ಹೋಗೋ ಮುಂಚೆ ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳೋದು, ಎಲ್ಲ ಮನೆಮಾತು.

ಇಲ್ಲಿನ ಉಣುಗಿನದು ಬೇರೆ ಕಾಯಿಲೆ, ಲೈಮ್ ಅಂತ. 1970ರ ದಶಕದಲ್ಲಿ ಕನೆಕ್ಟಿಕಟ್ ರಾಜ್ಯದ ಲೈಮ್ ಅನ್ನೋ ಊರಿನಲ್ಲಿ ಗುರುತಿಸಿದ್ದಕ್ಕೆ ಆ ಹೆಸರು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,76,000 ಜನರಿಗೆ ಲೈಮ್ ಅಂತ ಚಿಕಿತ್ಸೆ ಆಗುತ್ತೆ ಅಂತ ಇಲ್ಲಿನ ಸಿಡಿಸಿ ಅಂದಾಜು ಮಾಡಿದೆ. ಸಣ್ಣ ಸಂಖ್ಯೆಯೇನಲ್ಲ, ನ್ಯೂಜೆರ್ಸಿಯಲ್ಲಂತೂ ಬೇಕಾದಷ್ಟು. ಮರಿ ಉಣುಗು ಗಸಗಸೆ ಕಾಳಿನಷ್ಟು, ಮೇ ತಿಂಗಳಿಂದ ಜುಲೈವರೆಗೆ ಅದರ ಕಾಟ ಜಾಸ್ತಿ. ಆದರೆ ಲೈಮ್ ರೋಗಾಣು ಮೈಗೆ ಸೇರೋಕೆ ಸಾಮಾನ್ಯವಾಗಿ ಉಣುಗು 24 ಗಂಟೆಗಿಂತ ಹೆಚ್ಚು ಕಚ್ಚಿಕೊಂಡಿರಬೇಕು. ಅಂದರೆ ಮನೆಗೆ ಬಂದ ತಕ್ಷಣ ಬಟ್ಟೆ ಬಿಚ್ಚಿ, ಮಂಡಿ ಹಿಂದೆ, ತೊಡೆ ಸಂದು, ಕಂಕುಳು, ಕಿವಿ ಹಿಂದೆ ನೋಡಿಕೊಂಡು ಸ್ನಾನ ಮಾಡಿದರೆ ಅರ್ಧ ಯುದ್ಧ ಗೆದ್ದಂತೆ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಸುಡೋದು, ಎಣ್ಣೆ ಬಿಡೋದು ಎಲ್ಲ ಬೇಡ. ದಾರಿಯ ಮಧ್ಯದಲ್ಲಿ ಓಡಿದರೆ, ಅಂಚಿನ ಹುಲ್ಲಿಗೆ ಕಾಲು ತಾಗಿಸದಿದ್ದರೆ, ಅರ್ಧ ಕಾಟ ಅಲ್ಲೇ ಕಳೆಯುತ್ತೆ. ಸುಲಭದ ಅಗಲ ದಾರಿಯ ಇನ್ನೊಂದು ಲಾಭ ಇದು.

ಪಾಯ್ಸನ್ ಐವಿ ಅನ್ನೋ ಬಳ್ಳಿಯ ಬಗ್ಗೆಯೂ ಹೆದರಿಸ್ತಾರೆ. ಮೂರು ಎಲೆಯ ಗೊಂಚಲು, ಮುಟ್ಟಿದರೆ ಗುಳ್ಳೆ. ಮಾವು, ಗೇರಿನ ಕುಟುಂಬಕ್ಕೆ ಸೇರಿದ್ದು ಅದು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ, ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಹೊಸ ಶತ್ರುವೇನಲ್ಲ, ದೂರದ ನೆಂಟ.

ಅಮ್ಮ ಆಮೇಲೆ ಬಂದರು, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸಿಕ್ಕಿಸಿಕೊಂಡು. ನಾನು ಎರಡು ಸುತ್ತು ಓಡಿ ಮುಗಿಸೋ ಹೊತ್ತಿಗೆ ಅವರು ಒಂದು ಸುತ್ತು ನಡೆದು ಮುಗಿಸಿರುತ್ತಿದ್ದರು. ಎಪ್ಪತ್ತು ದಾಟಿದವರೂ ಓಡುವವರೂ ಒಂದೇ ದಾರಿಯಲ್ಲಿ, ಒಬ್ಬರಿಗೊಬ್ಬರು ತೊಂದರೆ ಇಲ್ಲದೆ. ಬೆಟ್ಟದಲ್ಲಿ ಇದು ಆಗೋ ಮಾತಾ?

ಈಗ ನನಗೆ ನಿಜವಾಗಿ ಮುಖ್ಯ ಅನ್ನಿಸೋ ವಿಷಯಕ್ಕೆ ಬರ್ತೀನಿ. ಈ ಕಾಡು ಇಲ್ಲಿ ತಾನಾಗಿ ಉಳಿದಿಲ್ಲ. ಅಮೆರಿಕದಲ್ಲೇ ಅತಿ ಹೆಚ್ಚು ಜನಸಾಂದ್ರತೆಯ ರಾಜ್ಯ ನ್ಯೂಜೆರ್ಸಿ. ಪ್ರಿನ್ಸ್‌ಟನ್ನಿನಲ್ಲಿ ಒಂದು ಎಕರೆಯ ಬೆಲೆ ಕೇಳಿದರೆ ಓಡೋದು ನಿಲ್ಲಿಸಿ ಕೂತುಬಿಡ್ತೀರಿ. ಇನ್‌ಸ್ಟಿಟ್ಯೂಟ್ ಶುರುವಾದ ಕಾಲದಲ್ಲಿ ಆಸ್ವಾಲ್ಡ್ ವೆಬ್ಲೆನ್ ಅನ್ನೋ ಗಣಿತಜ್ಞ, ಕಟ್ಟಡಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಜಮೀನು ಕೊಳ್ಳಿ ಅಂತ ಬೆನ್ನು ಹತ್ತಿದರು. ಅವರಿಗೆ ಮರಗಳ ನಡುವೆ ನಡೆಯೋ ಹುಚ್ಚು. ಪಾಲ್ ಡಿರಾಕ್ ಇಲ್ಲಿಗೆ ಬಂದಾಗೆಲ್ಲ ಕೊಡಲಿ ಹಿಡಿದು ಈ ಕಾಡಿನಲ್ಲಿ ದಾರಿ ಬಿಡಿಸುತ್ತಿದ್ದರಂತೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಡಿದ ದಾರಿಯಲ್ಲಿ ಓಡ್ತಿದ್ದೀನೋ ಏನೋ ಅನ್ನೋ ಜಂಬ ನನಗೆ ಆಗಾಗ ಬರುತ್ತೆ. ವೆಬ್ಲೆನ್ ಮತ್ತು ಅವರ ಹೆಂಡತಿ ಎಲಿಜಬೆತ್ 1957ರಲ್ಲಿ ಊರಿನ ಇನ್ನೊಂದು ತುದಿಯಲ್ಲಿದ್ದ ತಮ್ಮದೇ 81 ಎಕರೆ ಕಾಡನ್ನು ಕೌಂಟಿಗೆ ಬರೆದುಕೊಟ್ಟರು. ಈಗಿನ ಹೆರನ್‌ಟೌನ್ ವುಡ್ಸ್ ಅದು. ಅಲ್ಲೂ ಓಡಬಹುದು, ಆದರೆ ಬಂಡೆ ಜಾಸ್ತಿ.

ಜಮೀನು ಕೊಂಡಿಟ್ಟರೆ ಮುಗಿಯಲಿಲ್ಲ. ನಾಳೆ ದುಡ್ಡು ಬೇಕಾದಾಗ ಮಾರಬಹುದಲ್ಲ? 1997ರಲ್ಲಿ ಸಾರ್ವಜನಿಕ ಹಣ ಮತ್ತು ಖಾಸಗಿ ದೇಣಿಗೆ ಎರಡನ್ನೂ ಒಟ್ಟುಮಾಡಿ, ಕಾಡು ಹೊಲ ಸೇರಿ 589 ಎಕರೆಯ ಮೇಲೆ ಒಂದು ಕರಾರು ಮಾಡಿಕೊಂಡರು. ಜಮೀನು ಇನ್‌ಸ್ಟಿಟ್ಯೂಟಿನದೇ, ಆದರೆ ಅದರ ಮೇಲೆ ಕಟ್ಟಡ ಕಟ್ಟೋ ಹಕ್ಕು ಶಾಶ್ವತವಾಗಿ ಹೋಯಿತು. ಮುಂದೆ ಯಾರು ಮಾಲೀಕರಾದರೂ ಕರಾರು ಜಮೀನಿನ ಜೊತೆಗೇ ಹೋಗುತ್ತೆ. ಟ್ರೇಲ್ ರನ್ನಿಂಗ್ ಮ್ಯಾಗಜೀನುಗಳಲ್ಲಿ ಶೂ ಬಗ್ಗೆ ಹತ್ತು ಪುಟ ಬರೀತಾರೆ, ಈ ಕರಾರುಪತ್ರದ ಬಗ್ಗೆ ಒಂದು ಸಾಲು ಬರೆದಿದ್ದು ನಾನು ನೋಡಿಲ್ಲ. ಕರಾರಿನ ಗೆರೆ ಎಲ್ಲಿ ಮುಗಿಯುತ್ತೋ ಅಲ್ಲಿ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಪಕ್ಕದಲ್ಲೇ ಇದೆ. ಕಾಡಿನ ಪಕ್ಕ 1777ರ ಪ್ರಿನ್ಸ್‌ಟನ್ ಯುದ್ಧ ನಡೆದ ಬಯಲು. ಅದಕ್ಕೆ ತಾಗಿದ ಮ್ಯಾಕ್ಸ್‌ವೆಲ್ಸ್ ಫೀಲ್ಡ್ ಅನ್ನೋ ಜಾಗದಲ್ಲಿ ಅಧ್ಯಾಪಕರಿಗೆ ಮನೆ ಕಟ್ಟೋ ಯೋಜನೆ ಬಂತು, ವರ್ಷಗಟ್ಟಲೆ ಜಗಳ ನಡೆಯಿತು. ಕೊನೆಗೆ 2016ರ ಡಿಸೆಂಬರಿನಲ್ಲಿ ಸುಮಾರು 15 ಎಕರೆಯನ್ನು ಉಳಿಸೋಕೆ ಒಂದು ಟ್ರಸ್ಟು 40 ಲಕ್ಷ ಡಾಲರ್ ಕೊಡೋ ಒಪ್ಪಂದವಾಯಿತು. ಮನೆಗಳು ಸ್ವಲ್ಪ ಪಕ್ಕಕ್ಕೆ ಸರಿದವು.

ಇದನ್ನು ಓದಿ "ಅಮೆರಿಕದಲ್ಲಿ ಎಲ್ಲ ಚೆನ್ನಾಗಿದೆ" ಅಂತ ಬರೀತಿದ್ದಾನೆ ಅಂದುಕೊಳ್ಳಬೇಡಿ. ಬೆಂಗಳೂರಿಗೆ ಹೋದಾಗ ನನಗೆ ಕನಕಪುರ ರಸ್ತೆ ಕಡೆಯ ತುರಹಳ್ಳಿ ಕಾಡೇ ಗತಿ. 2021ರ ಶುರುವಿನಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂತ ಹೊರಟಾಗ ಸುತ್ತಮುತ್ತಲಿನವರು, ಓಡುವವರು, ಸೈಕಲ್ಲಿನವರು, ಹಕ್ಕಿ ನೋಡುವವರು ಎಲ್ಲ ಬೀದಿಗೆ ಬಂದರು, ಸರ್ಕಾರ ಹಿಂದೆ ಸರಿಯಿತು. ಮರ ಇರೋ ಜಾಗದಲ್ಲಿ ಟ್ರೀ ಪಾರ್ಕ್ ಯಾಕೆ ಅಂತ ಕೇಳಿದವರ ಪ್ರಶ್ನೆಗೆ ನನಗೂ ಉತ್ತರ ಗೊತ್ತಿಲ್ಲ. ಪಾರ್ಕು ಅಂದ ಮೇಲೆ ಸಿಮೆಂಟಿನ ದಾರಿ, ಕಬ್ಬಿಣದ ಗೇಟು, ಬಣ್ಣ ಬಳಿದ ಕಾಂಕ್ರೀಟ್ ಜಿಂಕೆ, ಹೊಸದಾಗಿ ಟಿಕೆಟ್ ಕೌಂಟರು... ನಮ್ಮ ಕಡೆ ಅಭಿವೃದ್ಧಿಯಾದ ಕೆರೆ, ಗುಡ್ಡಗಳಲ್ಲಿ ಇವೆಲ್ಲ ನೋಡಿದ್ದೇವೆ. ಕಾಡಿನೊಳಗೆ ಒಂದು ಮಣ್ಣಿನ ದಾರಿ ಮಣ್ಣಿನ ದಾರಿಯಾಗಿಯೇ ಇರೋದೇ ಸೌಕರ್ಯ ಅಂತ ಒಪ್ಪಿಸೋದು ಎಷ್ಟು ಕಷ್ಟ ನೋಡಿ. ತುರಹಳ್ಳಿಯಲ್ಲಿ ಚಿರತೆ ಕಾಣಿಸಿದ ಸುದ್ದಿ ಬಂದಾಗೆಲ್ಲ ಬೇಲಿ ಹಾಕಿ ಅನ್ನೋ ಕೂಗು ಬೇರೆ. ಚಿರತೆ ಇದ್ದರೆ ಕತ್ತಲಲ್ಲಿ ಓಡಬೇಡಿ, ಒಬ್ಬರೇ ಹೋಗಬೇಡಿ. ಅದರ ಮನೆ ಅದು.

ದಾರಿ ಹಾಳು ಮಾಡೋದರಲ್ಲಿ ಓಡುವವರ ಪಾಲೂ ಇದೆ. ಪ್ರಿನ್ಸ್‌ಟನ್ನಿನ ಕಾಡಿನಲ್ಲಿ ಮಾರ್ಚಿನಲ್ಲಿ ಹಿಮ ಕರಗಿದಾಗ ರಾಡಿಯೋ ರಾಡಿ. ಶೂ ಕೊಳೆಯಾಗುತ್ತೆ ಅಂತ ಒಬ್ಬ ಅಂಚಿನಲ್ಲಿ ಹೋಗ್ತಾನೆ. ಅಂಚೂ ಕೆಸರಾಗುತ್ತೆ. ಮುಂದಿನವನು ಇನ್ನೂ ಆಚೆ. ಒಂದು ವಸಂತದೊಳಗೆ ಎರಡಡಿಯ ದಾರಿ ಹತ್ತಡಿಯಾಗಿರುತ್ತೆ, ಅಂಚಿನಲ್ಲಿ ಆಗಷ್ಟೇ ಮೊಳೆತಿದ್ದ ಕಾಡುಹೂವು ಕಾಲ ಕೆಳಗೆ. ಕೆಸರಿದ್ದರೆ ಅದರ ಮಧ್ಯದಲ್ಲೇ ಹೋಗಬೇಕು, ಪಚಕ್ ಅಂತ. ಅದಾಗದಿದ್ದರೆ ಆ ವಾರ ಕಾಲುವೆ ಪಕ್ಕದ ದಾರಿಗೆ ಹೋಗಿ. 1834ರಲ್ಲಿ ಶುರುವಾದ ಡೆಲವೇರ್ ಅಂಡ್ ರಾರಿಟನ್ ಕಾಲುವೆ, ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ ಏರಿ ಈಗ ಓಡುವವರದು, ಅಲ್ಲಿ ನೀರು ಅಷ್ಟು ನಿಲ್ಲಲ್ಲ. ಆದರೆ ಅದು ನೇರ ದಾರಿ, ಮೈಲಿಗಟ್ಟಲೆ ಒಂದೇ ಸಮ. ಸುತ್ತಿನ ಸುಖ ಇಲ್ಲ, ಹೋದಷ್ಟೂ ವಾಪಸ್ ಬರಬೇಕು.

ಈ ಕಡೆ ಬರೋರಿದ್ದರೆ ಮೊದಲೇ ಒಂದು ಸಾಲು ಬರೆದು ತಿಳಿಸಿ. ಅಕ್ಟೋಬರ್ ಕೊನೆ ಆದರೆ ಬಣ್ಣ ಚೆನ್ನಾಗಿರುತ್ತೆ, ಆದರೆ ತರಗೆಲೆ ಕೆಳಗೆ ಬೇರು ಕಾಣಲ್ಲ, ಕಾಲು ಉಳುಕೋ ಕಾಲವೂ ಅದೇ. ಮೇ ಮೊದಲ ವಾರ ಹಕ್ಕಿಗಳಿಗೆ. ದುಬಾರಿ ಟ್ರೇಲ್ ಶೂ ಬೇಡ, ಹಳೇ ರಸ್ತೆ ಶೂ ಸಾಕು. ಒಂದು ಜೊತೆ ಒಣ ಸಾಕ್ಸು ಮಾತ್ರ ಕಾರಿನಲ್ಲಿಟ್ಟುಕೊಂಡು ಬನ್ನಿ.